ತಾತನ ರಾತ್ರಿ ಮಾತ್ರೆ

ಕಳೆದ ಸೆಮ್ ರಜದಲ್ಲಿ ಊರಿಗೆ ಹೋದಾಗ ನನ್ನ ಹಾಸಿಗೆ ತಾತನ ರೂಮಲ್ಲಿ. ರಾತ್ರಿ ನಾಲ್ಕೈದು ಸಲ ಲೈಟ್ ಹಾಕೋರು, ಬಾತ್‌ರೂಮಿಗೆ ಹೋಗೋರು, ಎಷ್ಟೋ ಹೊತ್ತು ವಾಪಸ್ ಬರ್ತಾನೇ ಇರಲಿಲ್ಲ. ಮೂರನೇ ರಾತ್ರಿ ರೇಗಿಬಿಟ್ಟೆ. "ತಾತ, ಸಾಯಂಕಾಲ ಸ್ವಲ್ಪ ನೀರು ಕಮ್ಮಿ ಕುಡೀಬಾರ್ದಾ?" ಅವರು ಏನೂ ಹೇಳಲಿಲ್ಲ. ಮಾರನೇ ರಾತ್ರಿ ಹಾಲ್‌ನಲ್ಲಿ ಚಾಪೆ ಹಾಸ್ಕೊಂಡು ಮಲಗಿದರು.

ಆಮೇಲೆ ಅಮ್ಮ ಹೇಳಿದ್ದು: ಪ್ರಾಸ್ಟೇಟ್ ದೊಡ್ಡದಾಗಿದೆ, ಡಾಕ್ಟರ್ ಆ ವಾರವಷ್ಟೇ ಟ್ಯಾಮ್ಸುಲೋಸಿನ್ 0.4 ಮಿ.ಗ್ರಾಂ. ಶುರು ಮಾಡಿದ್ದಾರೆ. ಬಸ್ ನಿಲ್ಲಿಸಿ ಅಂತ ಕೇಳೋಕೆ ನಾಚಿಕೆಯಾಗಿ ಅತ್ತೆ ಮಗಳ ಮದುವೆಗೂ ಅವರು ಹೋಗಿರಲಿಲ್ಲ. ನಮಗೆಲ್ಲ ಮಂಡಿನೋವು ಅಂದಿದ್ದರು.

ತಪ್ಪು ಮಾಡಿದೆ ಅನ್ನಿಸಿದಾಗ ನಾನು ಮಾಡೋದು ಒಂದೇ, ಓದೋದು. ಮೂತ್ರಕೋಶದ ಗೋಡೆ, ಅದರ ಕುತ್ತಿಗೆ, ಪ್ರಾಸ್ಟೇಟ್, ಎಲ್ಲದರಲ್ಲೂ ಇರೋದು ಸ್ಮೂತ್ ಮಸಲ್. ನಾವು ಹೇಳಿದ್ದು ಅದು ಕೇಳಲ್ಲ, ರಾಸಾಯನಿಕಗಳು ಹೇಳಿದ್ದು ಕೇಳುತ್ತೆ. ಮೂತ್ರ ತುಂಬುವಾಗ ನಾರ್‌ಅಡ್ರಿನಲಿನ್ ಅನ್ನೋ ಒಂದೇ ಅಣು ಎರಡು ತದ್ವಿರುದ್ಧ ಕೆಲಸ ಮಾಡುತ್ತೆ. ಗೋಡೆಯ ಬೀಟಾ-3 ಗ್ರಾಹಕಕ್ಕೆ ಕೂತರೆ ಸ್ನಾಯು ಸಡಿಲ, ಕುತ್ತಿಗೆಯ ಆಲ್ಫಾ-1ಕ್ಕೆ ಕೂತರೆ ಬಿಗಿ. ಸಿಗ್ನಲ್ ಒಂದೇ, ರಿಸೀವರ್ ಬೇರೆ. ನಮ್ಮ ಇಸಿ ಬ್ರಾಂಚಿನವರಿಗೆ ಇದು ಖುಷಿ ಕೊಡಬೇಕು.

ಖಾಲಿ ಮಾಡುವಾಗ ಅಸಿಟೈಲ್‌ಕೋಲಿನ್ ಗೋಡೆಯನ್ನ ಹಿಂಡುತ್ತೆ. ಹೊರದಾರಿಯ ಸ್ನಾಯುವನ್ನ ಸಡಿಲ ಮಾಡೋದು ಯಾರು ಗೊತ್ತಾ? ನೈಟ್ರಿಕ್ ಆಕ್ಸೈಡ್! ಗಾಡಿ ಹೊಗೆಯಲ್ಲಿ ಬರುತ್ತಲ್ಲ, ಅದೇ ಅನಿಲ. ನರದ ತುದಿಯಿಂದ ಹೊರಟು, ಬಾಗಿಲು ತಟ್ಟದೆ ಸೀದಾ ಸ್ನಾಯುಕೋಶದೊಳಗೆ ನುಗ್ಗಿ ಸೈಕ್ಲಿಕ್ ಜಿಎಂಪಿ ಹೆಚ್ಚಿಸುತ್ತೆ, ಕ್ಯಾಲ್ಸಿಯಂ ಇಳಿಯುತ್ತೆ, ಸ್ನಾಯು ಹಿಡಿತ ಬಿಡುತ್ತೆ. ರಕ್ತನಾಳಗಳಲ್ಲಿ ಈ ಅನಿಲ ಸಂದೇಶ ಒಯ್ಯೋದನ್ನ ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಬಂತು.

ತಾತನ ಮಾತ್ರೆ ಪ್ರಾಸ್ಟೇಟನ್ನ ಚಿಕ್ಕದು ಮಾಡಲ್ಲ. ಆಲ್ಫಾ-1ರ ಜಾಗದಲ್ಲಿ ತಾನು ಕೂತು ಬಿಗಿಯೋ ಸಿಗ್ನಲ್ ತಲುಪದ ಹಾಗೆ ತಡೆಯುತ್ತೆ, ಅಷ್ಟೆ. ಆದರೆ ಆಲ್ಫಾ-1 ರಕ್ತನಾಳಗಳಲ್ಲೂ ಇದೆ. ಈ ಔಷಧಿಗೆ ಪ್ರಾಸ್ಟೇಟ್ ಕಡೆಗೇ ಒಲವು ಜಾಸ್ತಿ, ಆದ್ರೂ ಕೆಲವರಿಗೆ ತಟ್ಟನೆ ಎದ್ದರೆ ಬಿಪಿ ಇಳಿದು ತಲೆ ಸುತ್ತುತ್ತೆ, ಅದರಲ್ಲೂ ಶುರುವಿನ ದಿನಗಳಲ್ಲಿ.

ಇದನ್ನ ಓದಿದಾಗ ಹೊಟ್ಟೆಯಲ್ಲಿ ಒಂಥರಾ ಆಯ್ತು. ಅಂಥವರನ್ನ ನಾನು ನೆಲದ ಮೇಲೆ ಮಲಗಿಸಿದ್ದೆ, ಕತ್ತಲಲ್ಲಿ ತಡವರಿಸಿ ಏಳೋ ಹಾಗೆ.

ಆ ರಾತ್ರಿ ಚಾಪೆ ಸುತ್ತಿಟ್ಟು ಅವರನ್ನ ಮಂಚಕ್ಕೆ ಕರ್ಕೊಂಡು ಬಂದೆ. "ನಿನ್ನ ನಿದ್ದೆ ಹಾಳಾಗುತ್ತೆ ಕಣೋ" ಅಂದರು. "ಆಗ್ಲಿ ಬಿಡಿ. ಎದ್ದ ತಕ್ಷಣ ನಿಲ್ಲಬೇಡಿ, ಒಂದು ನಿಮಿಷ ಕೂತ್ಕೊಳಿ" ಅಂದೆ.

ಎರಡು ಗಂಟೆಗೆ ಲೈಟ್ ಹತ್ತಿತು. ಮಂಚದ ಅಂಚಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು.

"ಒಂದು ನಿಮಿಷ ಆಯ್ತೇನೋ?"

"ಇನ್ನೂ ಇಪ್ಪತ್ತು ಸೆಕೆಂಡ್ ಇದೆ ತಾತ."