ಒಂದೂಕಾಲು ಗಂಟೆಯ ಹಾದಿ

ಲಂಡನ್ನಿನಿಂದ ಪ್ಯಾರಿಸ್ಸಿಗೆ ಎಷ್ಟು ದೂರ ಅಂತ ಕೇಳಿದರೆ ನಮ್ಮ ಅಳಿಯಂದಿರ ಉತ್ತರ ಸಿದ್ಧ. "ವಿಮಾನದ ಹಾದಿ ಸುಮಾರು 340 ಕಿಲೋಮೀಟರ್ ಅತ್ತೆ. ಒಂದೂಕಾಲು ಗಂಟೆ, ಅಷ್ಟೇ." ನಾನೂ ನಂಬಿದ್ದೆ. ನೀವಾದರೂ ನಂಬುತ್ತಿದ್ದಿರಿ. ನಾವು ಬೆಂಗಳೂರಿನಿಂದ ಚೆನ್ನೈಗೆ ರಸ್ತೆಯಲ್ಲಿ ಹೋದಷ್ಟೇ ದೂರ ತಾನೇ!

2019ರಲ್ಲಿ ನಾನು ಲಂಡನ್ನಿನಲ್ಲಿ ಮಗಳ ಮನೆಯಲ್ಲಿದ್ದೆ. ತೀರಿಹೋದ ನಮ್ಮಕ್ಕನ ಮಗಳು ಪ್ಯಾರಿಸ್ಸಿನಲ್ಲಿ ತುಂಬಿದ ಬಸುರಿ. ಬಾಣಂತನಕ್ಕೆ ನಾನೇ ಹೋಗುವುದೆಂದು ನಿಶ್ಚಯವಾಗಿತ್ತು. ಬ್ರಿಟನ್ನಿನ ವೀಸಾ ಫ್ರಾನ್ಸಿಗೆ ನಡೆಯುವುದಿಲ್ಲ ನೋಡಿ, ಅಲ್ಲಿಗೆ ಷೆಂಗೆನ್ ವೀಸಾ ಬೇರೆಯೇ ಬೇಕು. ಎರಡನ್ನೂ ಬೆಂಗಳೂರಿನಲ್ಲೇ ಮಾಡಿಸಿಕೊಂಡಿದ್ದೆ, ಪುಣ್ಯ! ಯಾಕೆಂದರೆ ದಿನ ತುಂಬಲು ಇನ್ನೂ ಮೂರು ವಾರವಿರುವಾಗಲೇ ಒಂದು ರಾತ್ರಿ ಫೋನು ಬಂತು. "ಚಿಕ್ಕಮ್ಮ, ನೋವು ಶುರುವಾಗಿದೆ. ಬೇಗ ಬನ್ನಿ."

ಬೆಳಗಿನ ಐದೂವರೆಗೆ ಮನೆ ಬಿಟ್ಟೆವು. ಟಿಕೇಟು ನೋಡಿದರೆ ಎದೆ ಧಸಕ್ಕೆಂದಿತು. ಹೊರಡುವುದು 9-30, ತಲುಪುವುದು 11-50! ಆಮೇಲೆ ತಿಳಿಯಿತು, ಪ್ಯಾರಿಸ್ಸಿನ ಗಡಿಯಾರ ಒಂದು ಗಂಟೆ ಮುಂದೆ. ಅಲ್ಲಿಂದ ಹಿಂದಿರುಗುವಾಗ ಇಪ್ಪತ್ತೇ ನಿಮಿಷದಲ್ಲಿ ಬಂದಂತೆ ಕಾಣುತ್ತದಂತೆ. ಗಡಿಯಾರದ ಮಾತು ನಂಬಿ ಕೆಟ್ಟೆವು!

ತಪಾಸಣೆಯಲ್ಲಿ ನನ್ನ ಕೈಚೀಲ ತಡೆದರು. ಒಳಗೆ ಬಾಣಂತಿಗೆಂದು ಕಾಯಿಸಿದ ತುಪ್ಪ. ನೂರು ಮಿಲಿಲೀಟರಿಗಿಂತ ಹೆಚ್ಚಿನ ಡಬ್ಬಿ ಕೂಡದಂತೆ, ತುಪ್ಪವೂ ದ್ರವವೇ ಅಂತೆ. ಗಟ್ಟಿಯಾಗಿದೆ ಕಣಪ್ಪಾ ಅಂದರೂ ಕೇಳಲಿಲ್ಲ. ಅಂಟಿನುಂಡೆ ಮಾತ್ರ ಉಳಿಯಿತು.

ಆಕಾಶದಲ್ಲಿ ವಿಮಾನ ಗಂಟೆಗೆ 800 ಕಿಲೋಮೀಟರ್ ಓಡುತ್ತದೆ ಅನ್ನುತ್ತಾರಲ್ಲ, ಆ ಲೆಕ್ಕಕ್ಕೆ ಅರ್ಧ ಗಂಟೆಯೂ ಬೇಡ. ಆದರೆ ನೆಲದ ಮೇಲೆ ತೆವಳಬೇಕು, ಸರದಿ ಕಾಯಬೇಕು, ಮೇಲೇರಬೇಕು. ಏರಿತು ಅನ್ನುವಷ್ಟರಲ್ಲಿ ಇಳಿಯಬೇಕು. ಇಳಿದ ಮೇಲೆ ಪಾಸ್‌ಪೋರ್ಟಿನ ಸಾಲು. ಷಾರ್ಲ್ ದ ಗಾಲ್ ನಿಲ್ದಾಣವೋ, ಊರಿಂದ ಇಪ್ಪತ್ತೈದು ಕಿಲೋಮೀಟರ್ ಆಚೆ. ಆಸ್ಪತ್ರೆ ಮುಟ್ಟಿದಾಗ ಎರಡೂಕಾಲು. ಮನೆ ಬಿಟ್ಟು ಏಳೂಮುಕ್ಕಾಲು ಗಂಟೆ!

ಮಗು ಹನ್ನೆರಡು ಇಪ್ಪತ್ತಕ್ಕೇ ಹುಟ್ಟಿತ್ತು. ನಾನು ಪಾಸ್‌ಪೋರ್ಟ್ ಹಿಡಿದು ನಿಂತಿದ್ದ ಹೊತ್ತದು. ಗಂಡ ಜೊತೆಗಿದ್ದ, ನಿಜ. ಆದರೂ ನನ್ನ ಕಂಡ ಕೂಡಲೇ ಅವಳು "ಅಮ್ಮ ಇದ್ದಿದ್ರೆ..." ಅಂತ ಅತ್ತಳು. ನನಗೂ ತಡೆಯಲಾಗಲಿಲ್ಲ.

ಮರುವಾರ ನನ್ನ ಮಗಳು ರೈಲಿನಲ್ಲಿ ಬಂದಳು. 1994ರಲ್ಲಿ ತೆರೆದ ಸುರಂಗ, ಐವತ್ತು ಕಿಲೋಮೀಟರ್ ಉದ್ದ, ಅದರಲ್ಲಿ ಮೂವತ್ತೆಂಟು ಸಮುದ್ರದ ಅಡಿಯಲ್ಲೇ! ಊರೊಳಗೆ ಹತ್ತಿ ಊರೊಳಗೇ ಇಳಿಯುವುದು, ಎರಡೂಕಾಲು ಗಂಟೆಯ ಪ್ರಯಾಣ. ಮೊದಲೇ ಯಾರೂ ಹೇಳಲಿಲ್ಲವಲ್ಲ! ತುಪ್ಪಕ್ಕೂ ಆಗ ಅಲ್ಲಿ ತಕರಾರಿರಲಿಲ್ಲ. ದೊಡ್ಡ ಡಬ್ಬಿಯನ್ನೇ ತಂದಿದ್ದಳು.

ಬಿಸಿ ಅನ್ನಕ್ಕೆ ಮೆಣಸಿನ ಸಾರು ಹಾಕಿ, ಮೇಲೆ ಎರಡು ಚಮಚ ತುಪ್ಪ ಬಿಟ್ಟು ಕೊಟ್ಟೆ. "ಅಮ್ಮ ಮಾಡಿದ ಹಾಗೇ ಇದೆ ಚಿಕ್ಕಮ್ಮ" ಅಂದಳು. ಮಗು ಮಲಗಿತ್ತು. ಇನ್ನೊಂದು ಸೌಟು ಬಡಿಸಿದೆ.