ಒಂದು ಬಟ್ಟಲು ಜೇನು

ಕಳೆದ ತುಲಾಮಾಸದಲ್ಲಿ ತಲಕಾವೇರಿಯ ದರ್ಶನಕ್ಕೆಂದು ಹೊರಟ ನಾವು, ಭಾಗಮಂಡಲದಲ್ಲಿಳಿದು, ಕಾವೇರಿ, ಕನ್ನಿಕೆ, ಸುಜ್ಯೋತಿಯರ ಸಂಗಮದಲ್ಲಿ ಮಿಂದು, ಭಗಂಡೇಶ್ವರನಿಗೆ ಕೈಮುಗಿದು, ಸಮೀಪದಲ್ಲಿ ಪರಿಚಿತ ಕೊಡವರೊಬ್ಬರ ಮನೆಯಲ್ಲಿ ತಂಗಿದೆವು. ಮನೆಯ ಹಿರಿಯರು ಬಟ್ಟಲೊಂದನ್ನು ಮುಂದಿಟ್ಟು “ತೇನ್” ಎಂದರು. ಪಕ್ಕದಲ್ಲಿದ್ದ ಮೊಮ್ಮಗಳು, ಶಾಲೆಯಲ್ಲಿ ಕಲಿತಂತೆ, “ಹನಿ” ಎಂದಳು. ನಾವು ಅಭ್ಯಾಸಬಲದಿಂದ “ಮಧು” ಎಂದೆವು. ಒಂದೇ ಬಟ್ಟಲಿಗೆ ಮೂರು ಹೆಸರಾಯಿತು!

ತಮಿಳು, ಮಲಯಾಳಗಳಲ್ಲಿಯೂ ಅದು ತೇನ್, ತೆಲುಗರಿಗೆ ತೇನೆ, ನಮ್ಮ ಜೇನು ಅವುಗಳ ಒಡಹುಟ್ಟು. ಮಧುವಿನ ಬಂಧುಗಳಾದರೋ ಬಹುದೂರ ಹೋಗಿ ನೆಲಸಿರುವರು. ರಷ್ಯದವರ ಮ್ಯೋದ್, ಚೆಕ್ಕರ ಮತ್ತು ಬಲ್ಗೇರಿಯದವರ ಮೆದ್, ಇವೆಲ್ಲ ಒಂದೇ ತಾಯಿಯ ಮಕ್ಕಳು. ಆ ತಾಯಿನುಡಿಯ ಬರಹವೊಂದೂ ಇಲ್ಲ. ಸ್ಲಾವ್ ಜನರಿಗೆ ಲಿಪಿ ದೊರೆತುದೇ 9ನೆಯ ಶತಮಾನದಲ್ಲಿ. ಪಂಡಿತರು ಮಕ್ಕಳ ಮುಖಗಳನ್ನು ಹೋಲಿಸಿ, ತಾಯಿಯು ‘ಮೆದು’ ಎಂಬಂತಿದ್ದಿರಬೇಕೆಂದು ನಿರ್ಣಯಿಸಿ, ಊಹಿತರೂಪವೆಂಬ ಗುರುತಿಗೆ ಅದರ ಮುಂದೊಂದು ನಕ್ಷತ್ರವನ್ನಿಡುವರು.

ಇದಕ್ಕಿಂತ ರಸವತ್ತಾದುದು ಅವರ ಕರಡಿಯ ಹೆಸರು. ರಷ್ಯದಲ್ಲಿ ಅದು ‘ಮೆದ್ವೇದ್’. ನಮ್ಮ ಮಧುವಿಗೆ ತಿನ್ನುವುದೆಂಬರ್ಥದ ‘ಅದ್’ ಧಾತುವನ್ನು ಕೂಡಿಸಿದರೆ ‘ಮಧ್ವದ್’, ಜೇನುಣ್ಣುವವನು. ಎರಡೂ ಒಂದೇ ಎರಕ. ಸಂಸ್ಕೃತದ ‘ಋಕ್ಷ’ಕ್ಕೆ ಸಮನಾದ ಹಳೆಯ ಹೆಸರು ಅವರಲ್ಲಿ ಅಳಿದುಹೋಯಿತು. ಹೆಸರೆತ್ತಿದರೆ ಮೃಗವೇ ಎದುರಾದೀತೆಂಬ ಭಯದಿಂದ ಬಿಟ್ಟರೆಂದು ವಿದ್ವಾಂಸರ ಊಹೆ. ನಮ್ಮ ಹಳ್ಳಿಗಳಲ್ಲಿಯೂ ರಾತ್ರಿ ಹಾವನ್ನು ‘ಹುಳು’ ಎನ್ನುವುದಿಲ್ಲವೇ?

ಹಿರಿಯರು ನಕ್ಕರು, ಬಳಿಕ ಅಂಗಳದ ಮೂಲೆಯಲ್ಲಿದ್ದ ಹಳೆಯ ಪೆಟ್ಟಿಗೆಗಳನ್ನು ತೋರಿಸಿ ಮೌನವಾದರು. 1991-92ರ ಸುಮಾರಿಗೆ ಥಾಯಿ ಚೀಲರೋಗವೆಂಬ ವ್ಯಾಧಿಯು ದಕ್ಷಿಣದೇಶದ ತುಡುವೆಜೇನಿಗೆ ತಗುಲಿತು. ಮರಿಹುಳುಗಳು ಕೋಶಾವಸ್ಥೆಗೆ ಬಾರದೆ ನೀರು ತುಂಬಿದ ಚೀಲದಂತಾಗಿ ಸತ್ತವು. ಕೊಡಗಿನ ಪೆಟ್ಟಿಗೆಗಳು ಬರಿದಾದುವು. ತಾಳಿಕೊಂಡು ಉಳಿದ ಕೆಲವು ಕುಟುಂಬಗಳಿಂದಲೇ ಮತ್ತೆ ಸಂತತಿ ಬೆಳೆಯಿತು.

“ಹುಳು ಹೇಗೋ ತಿರುಗಿ ಬಂತು, ಮೇಷ್ಟ್ರೇ. ಮಾತು ಹೋದರೆ ಯಾವ ಕಾಡಿನಿಂದ ಹಿಡಿದು ತರೋಣ?” ಎಂದರು.

ನಮಗೆ ಉತ್ತರ ತೋರಲಿಲ್ಲ. ಕೊಡವ ನುಡಿಯು ಯುನೆಸ್ಕೊ ಸಂಸ್ಥೆಯ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ಸೇರಿದೆ. ಸತ್ತ ಮಾತಿಗೆ ನಕ್ಷತ್ರವನ್ನಿಡಲು ಪಂಡಿತರು ಬೇಕು. ಬದುಕಿರುವ ಮಾತನ್ನು ಉಳಿಸಲು ಮನೆಯವರೇ ಸಾಕು. ವಾಚಕರು ತಮ್ಮ ಮನೆಯ ಮಾತು ಯಾವುದೇ ಆಗಿರಲಿ, ಊಟದ ಹೊತ್ತಿನಲ್ಲಾದರೂ ಮಕ್ಕಳೊಡನೆ ಅದನ್ನಾಡಬೇಕೆಂದು ನಮ್ಮ ಬಿನ್ನಹ.

ಮರುದಿನ ಬೆಳಗ್ಗೆ ಹೊರಡುವಾಗ ಆ ಮಗುವು ಒಂದು ಸಣ್ಣ ಸೀಸೆಯನ್ನು ನಮ್ಮ ಕೈಗಿತ್ತು, ಅಜ್ಜನ ಮುಖವನ್ನೊಮ್ಮೆ ನೋಡಿ, “ತೇನ್” ಎಂದಿತು.