ದಂಡಿನಿಂದ ದೂರವಾಣಿ ನಗರಕ್ಕೆ: ಒಂದು ಮಡಚು ಗಣಕದ ಹುಡುಕಾಟ

ಬಂಗಾರಪೇಟೆ ಕಡೆಯಿಂದ ಬರುವ ಬೆಳಗಿನ ರೈಲು ಬೆಂಗಳೂರು ದಂಡು ನಿಲ್ದಾಣದಲ್ಲಿ ನಿಂತರೆ ಅರ್ಧ ಗಾಡಿ ಖಾಲಿಯಾಗುತ್ತದೆ. ಕಚೇರಿಗೆ ಓಡುವವರು, ಆಸ್ಪತ್ರೆಯ ಚೀಟಿ ಹಿಡಿದವರು, ಕಾಲೇಜಿನ ಹುಡುಗ ಹುಡುಗಿಯರು. 1864ರಲ್ಲಿ ಜೋಲಾರಪೇಟೆಯಿಂದ ಊರಿಗೆ ಬಂದ ಮೊದಲ ರೈಲು ನಿಂತದ್ದೂ ಇಲ್ಲಿಯೇ. ಜೂನ್ ತಿಂಗಳ ಒಂದು ಶನಿವಾರ ಆ ಗುಂಪಿನಲ್ಲಿ ಒಬ್ಬ ತಂದೆ ಮತ್ತು ಮಗಳು ಇಳಿದರು. ಮಗಳು ಪಿಯುಸಿ ಮುಗಿಸಿ ಬಿ.ಎಸ್ಸಿ. ಸೇರಲಿದ್ದಾಳೆ. ತಂದೆಯ ಅಂಗಿಯ ಒಳಜೇಬಿನಲ್ಲಿ ಚೀಟಿ ಎತ್ತಿದ ಐವತ್ತು ಸಾವಿರ ರೂಪಾಯಿ.

ಬೇಕಾದದ್ದು ಒಂದು ಸಣ್ಣ ಲ್ಯಾಪ್‌ಟಾಪ್. ದಿನವೂ ರೈಲಿನಲ್ಲಿ ಹೊರುವಂತಿರಬೇಕು. ಬೆಂಜೀನ್ ಉಂಗುರ, ಅನುಕಲನದ ಚಿಹ್ನೆ ಇವನ್ನೆಲ್ಲ ಕೀಲಿಮಣೆಯಲ್ಲಿ ಒತ್ತುವುದು ಕಷ್ಟ. ಪರದೆಯನ್ನು ಹಿಂದಕ್ಕೆ ಮಡಚಿ ಸ್ಲೇಟಿನಂತೆ ಬರೆಯುವಂತಿರಬೇಕು. ಎಂ.ಎಸ್ಸಿ. ಮುಗಿಯುವ ತನಕ ಬಾಳಬೇಕು. ಅಂದರೆ ಎರಡು ವರ್ಷದ ಮೇಲೆ ರ್‍ಯಾಮ್, ಎಸ್‌ಎಸ್‌ಡಿ ಹೆಚ್ಚಿಸಿಕೊಳ್ಳಲು ಬರಬೇಕು. ಇಷ್ಟೇ ಬೇಡಿಕೆ. ಆದರೆ ಈ ಮೂರೂ ಒಂದೇ ಯಂತ್ರದಲ್ಲಿ ಸಿಗುವುದು ಸುಲಭವಲ್ಲ.

ಗುಜರಿಯ ಪಾಠ

ನಿಲ್ದಾಣದಿಂದ ಶಿವಾಜಿನಗರ ದೂರವೇನಲ್ಲ. 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆ, ಸಂತ ಮೇರಿ ಬೆಸಿಲಿಕಾದ ಗೋಪುರ, ಹಣ್ಣಿನ ರಾಶಿ, ಅತ್ತರಿನ ವಾಸನೆ. ಇವೆಲ್ಲದರ ಹಿಂದಿನ ಗಲ್ಲಿಗಳಲ್ಲಿದೆ ಹೆಸರಾಂತ ಗುಜರಿ. ಹಳೆಯ ಕಾರಿನ ಬಾಗಿಲು, ಗೇರುಪೆಟ್ಟಿಗೆ, ದೀಪ, ಸ್ಟೀರಿಂಗ್ ಬೇರೆ ಬೇರೆಯಾಗಿ ಜೋಡಿಸಿಟ್ಟಿರುತ್ತಾರೆ. ಸ್ಕ್ರೂ ಬಿಚ್ಚಿ ತೆಗೆಯಬಹುದಾದ ವಸ್ತುವಿಗೆ ಇಲ್ಲಿ ಎರಡನೆಯ ಜನ್ಮ ಉಂಟು. ಅಂಟು ಹಾಕಿ ಮುಚ್ಚಿದ್ದಕ್ಕೆ ತೂಕದ ಬೆಲೆ ಮಾತ್ರ.

ಅಲ್ಲಿಯೇ ಒಂದು ಕಿರಿದಾದ ರಿಪೇರಿ ಅಂಗಡಿಯಲ್ಲಿ ಎರಡು ಲ್ಯಾಪ್‌ಟಾಪುಗಳು ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದವು. ಒಂದರಲ್ಲಿ ಬೆರಳುದ್ದದ ಹಸಿರು ಪಟ್ಟಿ. ‘ಇದು ರ್‍ಯಾಮ್ ಸಾರ್, ಕ್ಲಿಪ್ ಸರಿಸಿದರೆ ಎದ್ದು ಬರುತ್ತೆ’ ಎಂದ ಅಂಗಡಿಯವ. ಇನ್ನೊಂದರಲ್ಲಿ ಅಂಥ ಪಟ್ಟಿಯೇ ಇಲ್ಲ. ಕಪ್ಪು ಚಿಪ್ಪುಗಳು ತಾಯಿಹಲಗೆಗೇ ಬೆಸುಗೆಯಾಗಿದ್ದವು. ‘ಇದಕ್ಕೆ ಕೊಂಡ ದಿನ ಎಷ್ಟಿತ್ತೋ ಕೊನೆತನಕ ಅಷ್ಟೇ.’

ಬೆಸುಗೆ ಹಾಕುವುದು ಬರೀ ವ್ಯಾಪಾರದ ಜಾಣತನ ಎನ್ನಲಾಗದು. ಎಲ್‌ಪಿಡಿಡಿಆರ್ ಎಂಬ ಜಾತಿಯ ರ್‍ಯಾಮ್ ಕಡಿಮೆ ವಿದ್ಯುತ್ ಕುಡಿಯುತ್ತದೆ. ಪ್ರೊಸೆಸರಿನ ಪಕ್ಕದಲ್ಲೇ ಕೂರಿಸಿದರೆ ತಂತಿದಾರಿ ಗಿಡ್ಡವಾಗಿ ವೇಗ ಹೆಚ್ಚುತ್ತದೆ, ಯಂತ್ರವೂ ತೆಳುವಾಗುತ್ತದೆ. ಬೆಲೆ ತೆರಬೇಕಾದದ್ದು ಆಮೇಲೆ. ಪ್ರೊಸೆಸರ್ ಅಂತೂ ಇಂದಿನ ಬಹುತೇಕ ಎಲ್ಲ ಲ್ಯಾಪ್‌ಟಾಪುಗಳಲ್ಲೂ ಬೆಸುಗೆಯದೇ. ಅದನ್ನು ಬದಲಿಸುವ ಆಸೆ ಬೇಡ.

ಎಸ್‌ಎಸ್‌ಡಿಯ ಕಥೆ ವಾಸಿ. ಎಂ.2 ಎಂಬ ಪಟ್ಟಿಯ ಅಗಲ 22 ಮಿ.ಮೀ.; ಉದ್ದ 80, 42 ಅಥವಾ 30 ಮಿ.ಮೀ. ಹೆಸರಿನಲ್ಲೇ ಅಳತೆಯಿದೆ: 2280, 2242, 2230. ಸಣ್ಣ ಯಂತ್ರದಲ್ಲಿ ಉದ್ದದ ಪಟ್ಟಿ ಹಿಡಿಸದು, ಆದ್ದರಿಂದ ಯಾವ ಅಳತೆಯದೆಂದು ಕೇಳಿಯೇ ಕೊಳ್ಳಬೇಕು. ಅಗ್ಗದ ಕೆಲವು ಯಂತ್ರಗಳಲ್ಲಿರುವ ಇಎಂಎಂಸಿ ಮಾತ್ರ ಸಾಮಾನ್ಯವಾಗಿ ಬೆಸುಗೆಯದು.

ಹಳೆಯ ಮಡಚು ಲ್ಯಾಪ್‌ಟಾಪ್ ಒಂದನ್ನು ಅಂಗಡಿಯವ ಅರ್ಧ ಬೆಲೆಗೆ ತೋರಿಸಿದ. ತಂದೆಯ ಕಣ್ಣು ಅರಳಿತು. ಮಗಳು ಪ್ರೊಸೆಸರಿನ ಹೆಸರು ಓದಿದಳು: ಇಂಟೆಲ್‌ನ ಏಳನೆಯ ಪೀಳಿಗೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಅಧಿಕೃತವಾಗಿ ಎಂಟನೆಯ ಪೀಳಿಗೆಯಾದರೂ ಬೇಕು. ಲಿನಕ್ಸ್ ಹಾಕಿ ಓಡಿಸಬಹುದು ನಿಜ. ‘ಬೇಡ ಅಪ್ಪ, ಇದರ ಬ್ಯಾಟರಿಯೂ ಮುದಿಯಾಗಿರತ್ತೆ’ ಎಂದಳು.

ಹಲಸೂರಿನ ಹಲಸು

ಅಲ್ಲಿಂದ ಬಸ್ಸು ಹತ್ತಿದರೆ ಹಲಸೂರು. ಕೆರೆ, ಸೋಮೇಶ್ವರನ ಗುಡಿ, ಹೂವಿನಂಗಡಿ. ಹಲಸಿನ ತೋಪಿದ್ದುದರಿಂದ ಊರಿಗೆ ಈ ಹೆಸರು ಬಂತೆನ್ನುತ್ತಾರೆ. ಹಲಸಿನ ಹಣ್ಣನ್ನು ಮುಳ್ಳು ನೋಡಿ ಕೊಂಡವನು ಮನೆಗೆ ಹೋಗಿ ಕೊಯ್ದಾಗಲೇ ತೊಳೆ ಎಷ್ಟೆಂದು ತಿಳಿಯುವುದು. ಲ್ಯಾಪ್‌ಟಾಪಿನ ವ್ಯಾಪಾರವೂ ಹಾಗೆಯೇ ಆಗಬಾರದು.

ಗುಡಿಯ ಜಗಲಿಯ ಮೇಲೆ ಕುಳಿತು ತಂದೆ ಕೇಳಿದರು: ‘ಬೆರಳು ಮುಟ್ಟಿದ್ದು ಗಾಜಿಗೆ ಹೇಗೆ ಗೊತ್ತಾಗತ್ತಮ್ಮ?’ ಗಾಜಿನ ಹಿಂದೆ ಕಣ್ಣಿಗೆ ಕಾಣದ, ವಿದ್ಯುತ್ ಹರಿಯಬಲ್ಲ ತೆಳು ಲೇಪದ ಜಾಲವಿರುತ್ತದೆ. ನಮ್ಮ ದೇಹವೂ ವಿದ್ಯುದ್ವಾಹಕ. ಬೆರಳು ಹತ್ತಿರ ಬಂದೊಡನೆ ಆ ಜಾಗದ ಧಾರಕತೆ ಬದಲಾಗುತ್ತದೆ, ಚಿಪ್ಪು ಅದನ್ನು ಲೆಕ್ಕ ಹಾಕಿ ಸ್ಥಳ ಗುರುತಿಸುತ್ತದೆ. ಬಟ್ಟೆಯ ಕೈಗವಸು ಹಾಕಿದರೆ ಪರದೆ ಮಾತು ಕೇಳದಿರುವುದು ಇದರಿಂದಲೇ. ಈ ಸ್ಪರ್ಶಗಾಜನ್ನು ಸಾಮಾನ್ಯವಾಗಿ ಪರದೆಗೆ ಅಂಟಿಸಿಯೇ ಬಿಡುವುದರಿಂದ ಗಾಜು ಒಡೆದರೆ ಪರದೆಯೂ ಹೋದ ಲೆಕ್ಕ. ಮಡಚು ಗಣಕದ ಅತಿ ದುಬಾರಿ ರಿಪೇರಿ ಇದೇ.

ಅಂಗಡಿ ಮುಂಗಟ್ಟಿನಲ್ಲಿ

ಹಲಸೂರಿನಿಂದ ಇಂದಿರಾನಗರಕ್ಕೆ ಮೆಟ್ರೊದಲ್ಲಿ ಒಂದೇ ನಿಲ್ದಾಣ. 2011ರ ಅಕ್ಟೋಬರಿನಲ್ಲಿ ಊರಿನ ಮೊದಲ ಮೆಟ್ರೊ ಓಡಿದ ಹಾದಿಯಿದು. ಸಿಎಂಎಚ್ ರಸ್ತೆ, ನೂರಡಿ ರಸ್ತೆಗಳ ಗಾಜಿನ ಅಂಗಡಿಗಳಲ್ಲಿ ಯಂತ್ರಗಳು ಮದುಮಕ್ಕಳಂತೆ ನಿಂತಿರುತ್ತವೆ.

ಕೊನೆಗೆ ಎರಡು ಯಂತ್ರ ಉಳಿದವು. ಒಂದು ತೆಳು, ಹಗುರ, 8 ಜಿಬಿ ರ್‍ಯಾಮ್ ಪೂರ್ತಿ ಬೆಸುಗೆ. ಇನ್ನೊಂದು ದಪ್ಪ, ಒಂದೂವರೆ ಕಿಲೊಗೂ ಮೇಲು, ಅಷ್ಟೇ ರ್‍ಯಾಮ್, ಆದರೆ ಒಂದು ಸ್ಲಾಟ್ ಖಾಲಿ. ತಂದೆಗೆ ಮೊದಲನೆಯದೇ ಮನಸ್ಸಿಗೆ ಬಂತು. ‘ದಿನಾ ಹೊರೋಳು ನೀನು ಕಣಮ್ಮ, ಹಗುರದ್ದೇ ತಗೊ.’ ಸ್ಲಾಟ್ ಇದೆಯೇ ಎಂಬ ಪ್ರಶ್ನೆಗೆ ಮಾರುವ ಹುಡುಗ ‘ಎಲ್ಲದಕ್ಕೂ ಹಾಕಿಸಬಹುದು ಮೇಡಂ’ ಎಂದುಬಿಟ್ಟ. ಮಗಳು ತಳದ ಪೂರ್ತಿ ಮಾಡೆಲ್ ಸಂಖ್ಯೆ ನೋಡಿ, ತಯಾರಕರ ಜಾಲತಾಣದ ದುರಸ್ತಿ ಕೈಪಿಡಿಯನ್ನು ಮೊಬೈಲಿನಲ್ಲೇ ತೆರೆದಳು. ಬೆಸುಗೆ ಎಂದು ಅಲ್ಲಿ ಸ್ಪಷ್ಟವಾಗಿತ್ತು. ಒಂದೇ ಹೆಸರಿನ ಎರಡು ಮಾಡೆಲುಗಳ ಒಳಗು ಬೇರೆ ಬೇರೆ ಇರಬಹುದಾದ್ದರಿಂದ ಈ ಸಂಖ್ಯೆ ಮುಖ್ಯ.

ಪೋಷಕರು ಗಮನಿಸಬೇಕಾದ್ದು ಇನ್ನೂ ಕೆಲವಿವೆ. ಅಂಗಡಿಯಲ್ಲೇ ಪೆನ್ನಿನಿಂದ ಅರ್ಧ ಪುಟ ಬರೆಸಿ ನೋಡಿ; ಅಂಗೈ ಊರಿದಾಗ ಗೀಟು ಬೀಳಬಾರದು. ಎಲ್ಲ ಪೆನ್ನು ಎಲ್ಲ ಪರದೆಗೆ ಹೊಂದದು. ಬ್ಯಾಟರಿ ಸ್ಕ್ರೂವಿನದೋ ಅಂಟಿನದೋ ಕೇಳಿ. ತಳ ಬಿಚ್ಚಿದರೆ ವಾರಂಟಿ ಉಳಿಯುವುದೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ‘ಮುಂದೆ ರ್‍ಯಾಮ್ ಅಗ್ಗವಾಗುತ್ತದೆ’ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. 2025ರ ಕೊನೆಗೆ ಜಗತ್ತಿನಾದ್ಯಂತ ಅದರ ಬೆಲೆ ಜಿಗಿಯಿತು.

ಮಗಳು ದಪ್ಪದ್ದನ್ನೇ ಆರಿಸಿದಳು. ಸ್ಲೇಟಿನಂತೆ ಕೈಯಲ್ಲಿ ಹಿಡಿದು ಬರೆಯುವ ಆಸೆ ಬಿಡಬೇಕಾಯಿತು. ಮೇಜಿನ ಮೇಲಿಟ್ಟೇ ಬರೆಯಬೇಕು.

ದೂರವಾಣಿ ನಗರದ ಬಳಿ

ಮನೆಗೆ ಹೋಗುವ ರೈಲಿಗೆ ದಂಡಿಗೆ ಮರಳಬೇಕಿಲ್ಲ. ಬೈಯಪ್ಪನಹಳ್ಳಿ–ಕೃಷ್ಣರಾಜಪುರದ ನಡುವೆ ತಪ್ಪಿದ್ದ ಕೊಂಡಿಯಲ್ಲಿ 2023ರ ಅಕ್ಟೋಬರ್ 9ರಿಂದ ಮೆಟ್ರೊ ಓಡುತ್ತಿದೆ. ತೂಗುಸೇತುವೆಯ ಬಳಿ ಇಳಿದರೆ ರೈಲು ನಿಲ್ದಾಣ ಪಕ್ಕದಲ್ಲೇ.

ಸನಿಹದಲ್ಲೇ ದೂರವಾಣಿ ನಗರ. 1948ರಲ್ಲಿ ಇಲ್ಲಿ ಆರಂಭವಾದ ಐಟಿಐ ಕಾರ್ಖಾನೆಯ ಬೆರಳು ತಿರುಗಿಸುವ ಫೋನುಗಳು ದೇಶದ ಮೂಲೆ ಮೂಲೆಯಲ್ಲಿ ಟ್ರಿಣ್ ಎಂದವು. ತಳದ ಸ್ಕ್ರೂ ಬಿಚ್ಚಿದರೆ ಗಂಟೆ, ಸುರುಳಿ, ಡಯಲು ಎಲ್ಲ ಕಾಣುತ್ತಿದ್ದವು. ಅದೇ ಸಂಸ್ಥೆ 2023ರಲ್ಲಿ ‘ಸ್ಮ್ಯಾಶ್’ ಹೆಸರಿನ ಲ್ಯಾಪ್‌ಟಾಪುಗಳೊಂದಿಗೆ ಕೇರಳದ ಶಾಲೆಗಳ ಟೆಂಡರು ಗೆದ್ದಿತು. ಅದಕ್ಕೂ ಮೊದಲು, 2001ರಲ್ಲಿ, ಟಾಟಾ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಕಂಪನಿಯೊಡನೆ ಸೇರಿ ಅಂಗೈಯಗಲದ ಸ್ಪರ್ಶಗಣಕ ‘ಸಿಂಪ್ಯೂಟರ್’ ರೂಪಿಸಿದ್ದರು. ಅದು ಕನ್ನಡವನ್ನೂ ಓದಿ ಹೇಳುತ್ತಿತ್ತು. 2004ರಲ್ಲಿ ಬಿಇಎಲ್‌ನಲ್ಲಿ ತಯಾರಾಗಿ ‘ಅಮಿಡಾ’ ಎಂಬ ಹೆಸರಿನಲ್ಲಿ ಪೇಟೆಗೆ ಬಂತು, ಆದರೆ ನಿಲ್ಲಲಿಲ್ಲ. ಬರೆಯುವ ಪರದೆಯ ಕನಸು ಈ ಊರಿಗೆ ಹೊಸದಲ್ಲ.

ರೈಲು ಹೊರಟಾಗ ಮಗಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ‘ಭಾರ ಅಲ್ವೇನಮ್ಮ?’ ಎಂದರು ತಂದೆ. ‘ಭಾರಾನೇ ಅಪ್ಪ’ ಎಂದಳು. ಅವರು ಚೀಲ ತೆಗೆದುಕೊಂಡು ತಮ್ಮ ತೊಡೆಯ ಮೇಲಿಟ್ಟುಕೊಂಡರು. ವೈಟ್‌ಫೀಲ್ಡ್ ದಾಟುವ ಹೊತ್ತಿಗೆ ಮಗಳಿಗೆ ನಿದ್ದೆ ಹತ್ತಿತ್ತು.